ಅಂಚು ಬಿಟ್ಟ ಗಿಡ

ಕಲಬುರಗಿಯ ನರ್ಸರಿಯಲ್ಲಿ ಹಳದಿ ಅಂಚಿನ ಸ್ನೇಕ್ ಪ್ಲಾಂಟ್‌ಗೆ ಮುನ್ನೂರೈವತ್ತು ರೂಪಾಯಿ. ಕುಂಡದ ದುಡ್ಡು ಬೇರೆ. ಪರಿಚಯದವರ ಹತ್ತಿರ ಒಂದು ಎಲೆ ಕೇಳಿ ತಂದರೆ ಖರ್ಚೇ ಇಲ್ಲ, ಕೇಳುವಾಗಿನ ಸಂಕೋಚವೊಂದು ಬಿಟ್ಟರೆ. ಆ ಸಂಕೋಚವನ್ನು ನುಂಗಿಕೊಂಡೇ ವೃಂದಾ ಆಳಂದದ ದೌಲತರಾಯರ ಬೇಳೆ ಮಿಲ್ಲಿನ ಆಫೀಸಿನಲ್ಲಿ ಎಲೆ ಕೇಳಿದ್ದಳು. ಕೊಟ್ಟವನು ಅವರ ಮಗ ಸುನೀಲಕುಮಾರ.

ತಿಂಗಳ ಮೇಲೆ ನೀರಿನ ಬಾಟಲಿ ಹಿಡಿದುಕೊಂಡು ಜಗಳಕ್ಕೇ ಬಂದಳು.

"ನಿಮ್ಮ ಎಲಿ ಕೊಳತದ ನೋಡ್ರಿ. ಸತ್ತ ಎಲಿ ಕೊಟ್ಟೀರಿ."

ಸುನೀಲಕುಮಾರ ಬಾಟಲಿಯನ್ನು ಬೆಳಕಿಗೆ ಹಿಡಿದ. ಒಳಗೆ ಎಲೆಯ ತುಂಡುಗಳು. ನಗು ತಡೆಯಲು ಅವನು ಮೀಸೆ ಒರೆಸಿಕೊಂಡದ್ದು ಅವಳಿಗೆ ಕಂಡಿತು.

"ಎಲೀದು ತಪ್ಪಿಲ್ರಿ. ನೀವೇ ತಲಿಕೆಳಗ ನಿಂದ್ರಿಸೀರಿ."

"ತುಂಡ ಮಾಡಿದ ಮ್ಯಾಲ ಅದಕ್ಕ ತಲಿ ಯಾವುದು, ಕಾಲು ಯಾವುದು?"

"ನಮಗ ಗೊತ್ತಾಗಂಗಿಲ್ಲ. ಅದಕ್ಕ ಗೊತ್ತಿರ್ತದ."

ಹೊಸ ಎಲೆ ಕತ್ತರಿಸಿ, ಒಂದೊಂದು ತುಂಡಿನ ಬುಡಕ್ಕೂ ಸಣ್ಣ ಕಚ್ಚು ಹಾಕಿಕೊಟ್ಟ. "ಕಚ್ಚು ಇದ್ದ ಕಡಿ ಕೆಳಗ. ನೆರಳಾಗ ಆರಲಿ, ಆಮ್ಯಾಲ ಉಸುಕು ಕಲಸಿದ ಮಣ್ಣಾಗ ಊರ್ರಿ. ನೀರು ಕಮ್ಮಿ." ಕೊಡುವಾಗ ಬೆರಳು ತಾಕಿತು. ಅವನೂ ಕೈ ಹಿಂದೆಗೆಯಲಿಲ್ಲ, ಅವಳೂ.

ಆಮೇಲೆ ವೃಂದಾಳಿಗೆ ಗಿಡದ ಬಗ್ಗೆ ಅನುಮಾನಗಳು ಹೆಚ್ಚಾದವು. ಅವಳ ಕೆಲಸ ಕಡಗಂಚಿಯಲ್ಲಿ. ಶನಿವಾರ ಸಂಜೆ ಆಳಂದಕ್ಕೆ ತಿರುಗಿ ಬರುವಾಗ ಮಿಲ್ಲಿನ ಹತ್ತಿರವೇ ಬಸ್ಸಿಳಿದು, ಮೊಬೈಲಿನಲ್ಲಿ ಕುಂಡದ ಫೋಟೋ ತೋರಿಸುವಳು. ಅವನು ಫೋಟೋವನ್ನು ಸ್ವಲ್ಪ ಹೊತ್ತು, ಅವಳನ್ನು ಬಹಳ ಹೊತ್ತು ನೋಡುವನು.

"ಗಿಡ ಫೋಟೋದಾಗ ಅದರಿ, ನನ್ನ ಮುಖದಾಗಲ್ಲ."

"ಹೌದ್ರಿ. ಗಿಡಕ್ಕ ಇಷ್ಟು ಸಿಟ್ಟು ಇರಂಗಿಲ್ಲ."

ಮಳೆಗಾಲ ಮುಗಿಯುವಾಗ ಮಣ್ಣು ಸೀಳಿಕೊಂಡು ಮರಿಗಳು ಎದ್ದವು. ಎಲ್ಲವೂ ಬರೀ ಹಸಿರು. ಅವಳು ಕುಂಡವನ್ನೇ ಎತ್ತಿಕೊಂಡು ಬಂದು ಅವನ ಟೇಬಲ್ಲಿನ ಮೇಲಿಟ್ಟಳು.

"ಹಳದಿ ಅಂಚು ಎಲ್ಲಿ ಹೋತು?"

"ಎಲಿಯಿಂದ ಹುಟ್ಟಿದ್ದಕ್ಕ ಅಂಚು ಬರಂಗಿಲ್ರಿ. ಬುಡ ಸೀಳಿ ಗಡ್ಡಿ ಕೊಟ್ಟಿದ್ರ ಬರ್ತಿತ್ತು."

"ಮತ್ತ ಗಡ್ಡಿ ಯಾಕ ಕೊಡ್ಲಿಲ್ಲ?"

"ಗಡ್ಡಿ ತಾನೇ ಬೆಳೀತಿತ್ತು. ನೀವು ಯಾತಕ್ಕ ಬರ್ತಿದ್ರಿ?"

ಅವಳು ಕುಂಡದ ಅಂಚಿನ ಮಣ್ಣು ಒರೆಸಿದಳು. "ರೊಕ್ಕಾ ಕೊಟ್ಟು ತಂದಿದ್ರ ಇಷ್ಟು ತ್ರಾಸ ಇರ್ತಿದ್ದಿಲ್ಲ."

"ತ್ರಾಸ ಅನಸಾಕತ್ತದೇನು?"

"ಅನಸ್ತದ. ಬ್ಯಾಡ ಅಂತ ಅನಸಂಗಿಲ್ಲ."

ಬಾಗಿಲಲ್ಲಿ ದೌಲತರಾಯರು ನಿಂತಿದ್ದರು. ಊರವರ ಮಾತು ಮೊದಲೇ ಅವರ ಕಿವಿಗೆ ಬಿದ್ದಿತ್ತು. ಒಳಗೆ ಬಂದು ಹಸಿರು ಎಲೆಯನ್ನು ಮುಟ್ಟಿ ನೋಡಿದರು.

"ನೋಡವಾ, ಇಲ್ಲಿದು ಕಿತ್ತು ಅಲ್ಲಿ ಊರಿದ್ರ ಹಿಂಗಾಗ್ತದ. ನೀವು ಬ್ರಾಹ್ಮಣ್ರು, ನಾವು ಲಿಂಗಾ ಕಟ್ಟಿದವ್ರು. ನಾಳೆ ಹುಟ್ಟೋ ಕೂಸಿಗೆ ಯಾವ ಅಂಚು?"

ಅವರ ತಲೆಯ ಮೇಲೆ ಗೋಡೆಗೆ ಬಸವಣ್ಣನವರ ಫೋಟೋ ಇತ್ತು. ಬೆಳಿಗ್ಗೆ ಅವರೇ ಹಾಕಿದ ಮಲ್ಲಿಗೆ ಮಾಲೆ ಇನ್ನೂ ಬಾಡಿರಲಿಲ್ಲ.

"ಸಾವಕಾರ್ರ," ಅಂದಳು ವೃಂದಾ, "ಈ ಮಾತು ಆ ಫೋಟೋದ ಕಡಿ ಮುಖಾ ಮಾಡಿ ಇನ್ನೊಮ್ಮಿ ಹೇಳ್ರಿ. ನಾ ಈಗೇ ಹೋಗ್ತೇನಿ, ತಿರುಗಿ ಬರಂಗಿಲ್ಲ."

ದೌಲತರಾಯರು ತಲೆಯೆತ್ತಿ ಫೋಟೋ ನೋಡಿದರು. ಅದಕ್ಕೆ ಬೆನ್ನು ಹಾಕಿ ಮಗನ ಕಡೆ ತಿರುಗಿ, "ಇಕಿನ್ನ ಕಳಸಲೇ," ಅಂದರು.

ಸುನೀಲಕುಮಾರ ತಲೆ ತಗ್ಗಿಸಿಯೇ ನಿಂತಿದ್ದ. ಅಪ್ಪನ ಎದುರು ಅದು ಅವನ ರೂಢಿ. ವೃಂದಾ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಬೇಡಿದಂತಾಗುತ್ತಿತ್ತು. ಕುಂಡ ಎತ್ತಿಕೊಂಡು ನಡೆದಳು. ಹೊಸ್ತಿಲಲ್ಲಿ ಕುಂಡ ಹಗುರಾಯಿತು. ಅದರ ಕೆಳಗೆ ಇನ್ನೊಂದು ಕೈ ಇತ್ತು.

"ಹೊಸ್ತಿಲಾ ದಾಟಿದಿ ಅಂದ್ರ ಈ ಮಿಲ್ಲಿನ ಗಲ್ಲೇದ ಮ್ಯಾಲ ಮತ್ತ ಕುಂಡ್ರಬ್ಯಾಡ," ಅಂದರು ಹಿಂದಿನಿಂದ ದೌಲತರಾಯರು.

"ಆಗ್ಲಿ ಅಪ್ಪಾ. ನಿಮ್ಮಿಂದ ಹೇಳಲಿಕ್ಕಾಗದ ಮಾತು ನನ್ನಿಂದ ಕೇಳಲಿಕ್ಕೂ ಆಗಂಗಿಲ್ಲ."

ಮೆಟ್ಟಿಲಿಳಿಯುವಾಗ ಅವನು ಮೆಲ್ಲಗೆ ಅಂದ, "ಕುಂಡಾ ತಲಿಕೆಳಗ ಹಿಡೀಬ್ಯಾಡ್ರಿ ಮತ್ತ."

"ಇನ್ನ ಮ್ಯಾಲ ನನಗ 'ರಿ' ಹಚ್ಚಬ್ಯಾಡ."

ಮದುವೆ ರಿಜಿಸ್ಟ್ರಾರ್ ಆಫೀಸಿನಲ್ಲಾಯಿತು. ವೃಂದಾಳ ತಾಯಿ ಮಥುರಾಬಾಯಿ ಅಫಜಲಪುರದಿಂದ ಬಂದವರು ಮಗಳ ಬರೀ ಹಸಿರು ಸೀರೆ ನೋಡಿ, "ಅಂಚಿಲ್ಲದ್ದು ಯಾಕ ಉಟ್ಟಿ ಬೇ?" ಅಂದರು.

"ಬೇಕಂತಲೇ ಉಟ್ಟೇನಿ."

ಅವರು ಗೊಣಗುತ್ತಲೇ ಸಾಕ್ಷಿ ಸಹಿ ಹಾಕಿದರು. ದೌಲತರಾಯರು ಬರಲಿಲ್ಲ.

ಸುನೀಲಕುಮಾರ ಈಗ ಜೇವರ್ಗಿಯಲ್ಲಿ ಬೇರೆಯವರ ಮಿಲ್ಲಿನಲ್ಲಿ ಸಂಬಳಕ್ಕಿದ್ದಾನೆ. ಹಳದಿ ಅಂಚು ಹೋಯಿತು, ಗಲ್ಲೆ ಹೋಯಿತು, ಅಪ್ಪನ ಮಾತೂ ನಿಂತಿತು. ವೃಂದಾಳ ಕಿಟಕಿಯಲ್ಲಿ ಹಸಿರು ಮರಿಗಳು ಕುಂಡ ತುಂಬಿವೆ. ಶನಿವಾರ ಬಸ್ಸಿಳಿದು ಬರುವವನು ಈಗ ಅವನು.