ಬೆಟ್ಟ ಬಳಸಿ ಬಂದ ಬ್ರಹ್ಮಪುತ್ರ

ಬಹಳ ಹಿಂದೆ, ಮೂಡಣ ಬಯಲಿನಲ್ಲಿ, ದೇವರ ದಯೆಯೊಂದು ಬಿಟ್ಟರೆ ಬೇರೇನೂ ಉಳಿಯದ ಒಂದು ರಾಜ್ಯವಿತ್ತು. ಕೈಲಾಸದ ಹಿಮದಲ್ಲಿ ಹುಟ್ಟಿದ ಗಂಡುನದಿ ಬ್ರಹ್ಮಪುತ್ರನನ್ನು ಕರಾಳಾಕ್ಷನೆಂಬ ಮಾಂತ್ರಿಕ ತಂಬಿಗೆಯೊಳಗೆ ಸೆರೆಹಿಡಿದಿದ್ದ. ರಾಜ್ಯದ ಕೊನೆಯ ಬಾವಿಯೂ ಬತ್ತಿತು. ಕೂಸುಗಳು ಅಳಲೂ ಆರದೆ ಮಲಗಿದವು.

ಬಾವಿ ತೋಡುವವರ ಮಗಳು ಮಂದಾರೆ ನದಿಯನ್ನು ಹುಡುಕಿ ಹೊರಟು ನಿಂತಳು.

"ಬಾವೀಲಿ ಸಿಗದ ನೀರು ಬೆಟ್ಟದಲ್ಲಿ ಸಿಗುತ್ತೇನೇ?" ಎಂದಳು ಅಜ್ಜಿ.

"ಸಿಕ್ಕದಿದ್ದರೆ ಆಮೇಲೆ ನಗು ಅಜ್ಜಿ. ಈಗ ಬುತ್ತಿ ಕಟ್ಟು."

ದೇವರ ಹೆಸರು ಹೇಳುತ್ತ ನಡೆದು ಅವಳು ಹಿಮದ ನಾಡು ತಲುಪಿದಳು. ಕರಾಳಾಕ್ಷ ನಗುನಗುತ್ತ ತಂಬಿಗೆ ಚಾಚಿದ. "ದಣಿದಿದ್ದೀಯ, ಕುಡಿ ತಾಯಿ." ಅದರ ನೀರು ಕುಡಿದವರೆಲ್ಲ ಅಲ್ಲೇ ಕಲ್ಲಾಗಿ ನಿಂತಿದ್ದರು. ಆದರೆ ಮಂದಾರೆಯ ಕಡೆಯವರು ಭೂಮಿತಾಯಿಗೆ ಒಂದು ಬೊಗಸೆ ಕೊಡದೆ ನೀರು ಮುಟ್ಟುವವರಲ್ಲ. ಅವಳು ಬಗ್ಗಿ ನೆಲಕ್ಕೆ ಎರೆದಳು.

"ಅಯ್ಯೋ, ಮೊದಲು ಕುಡಿಯಬಾರದಿತ್ತೇ!" ಎಂದು ಮಾಂತ್ರಿಕ ಕೂಗಿಕೊಂಡ. ನೀರು ನೆಲ ಮುಟ್ಟಿದ್ದೇ ಮಾಟ ಮುರಿಯಿತು. ಕಲ್ಲಾಗಿದ್ದವರು ಮನುಷ್ಯರಾದರು. ಬ್ರಹ್ಮಪುತ್ರ ಎದ್ದು, ಮಂದಾರೆಯನ್ನು ಬೆನ್ನ ಮೇಲೆ ಕೂರಿಸಿಕೊಂಡು ಪೂರ್ವಕ್ಕೆ ಹರಿದ.

ಕರಾಳಾಕ್ಷ ಮುಂದೆ ಓಡಿ ದಾರಿಯಲ್ಲಿ ಹಿಮದ ಬೆಟ್ಟವೊಂದನ್ನು ನಿಲ್ಲಿಸಿದ.

"ಇದನ್ನು ಒಡೆಯಲಾರೆ, ಮಗಳೇ," ಎಂದ ಬ್ರಹ್ಮಪುತ್ರ.

"ಒಡೆಯೋದ್ಯಾಕಪ್ಪಾ? ದೊಡ್ಡವರು ಅಡ್ಡ ಕೂತಿದ್ದರೆ ಬಳಸಿಕೊಂಡು ಹೋಗೋದಪ್ಪಾ."

ನದಿ ಪ್ರದಕ್ಷಿಣೆ ಹಾಕುವವನಂತೆ ಬೆಟ್ಟ ಬಳಸಿ ದಕ್ಷಿಣಕ್ಕೆ ತಿರುಗಿದ.

ಅಲ್ಲಿತ್ತು ಪಾತಾಳದಂಥ ಕಮರಿ. ತಳದಲ್ಲಿ ಕರಾಳಾಕ್ಷ ಹೆಬ್ಬಾವಾಗಿ ಬಾಯಿ ತೆರೆದಿದ್ದ. ನದಿ ನಡುಗಿದ. ಮಂದಾರೆಯೂ ನಡುಗಿದಳು.

"ಕೆಳಗೂ ದೇವರೇ ಇದ್ದಾನೆ ಅಪ್ಪಾ. ಬಾ, ಇಬ್ಬರೂ ಬೀಳೋಣ."

ಬಿದ್ದರು. ಹಾವು ನೀರನ್ನು ನುಂಗಿತು, ನುಂಗಿತು. ತಡೆಯಲಾರದೆ ಸಿಡಿದು ಮರಳಾಯಿತು. ಆ ಮರಳನ್ನೂ ಹೊತ್ತುಕೊಂಡು ನದಿ ಬಯಲಿಗೆ ಇಳಿದು ಪಶ್ಚಿಮಕ್ಕೆ ಹೊರಳಿ ಮಂದಾರೆಯ ಊರು ಮುಟ್ಟಿದ.

"ಇಷ್ಟೊಂದು ತಂದೆಯೇನೇ! ನಾನು ಒಂದೇ ಕೊಡ ಹಿಡಿದು ಬಂದಿದ್ದೀನಲ್ಲೇ!" ಎಂದು ಅಜ್ಜಿ ಅಳುತ್ತ ನಕ್ಕಳು. ಕೂಸುಗಳು ಕುಡಿದು, ಗಟ್ಟಿಯಾಗಿ ಅತ್ತವು. ಅದನ್ನು ಕೇಳಿ ರಾಜನೂ ಕೈಮುಗಿದ.

ಬ್ರಹ್ಮಪುತ್ರ ಅಲ್ಲಿಂದ ದಕ್ಷಿಣಕ್ಕಿಳಿದು, ಗಂಗೆಯನ್ನು ಕೂಡಿಕೊಂಡು ಕಡಲು ಸೇರಿದ. ಹೊತ್ತು ತಂದ ಮರಳು ಬಯಲಿನ ಹೊಳೆಯ ನಡುವೆ ನಡುಗಡ್ಡೆಗಳಾಗಿ ನಿಂತಿತು. ಜನ ಅದರಲ್ಲಿ ಸಾಸಿವೆ ಬಿತ್ತಿ, ಬೆಳೆದು, ಉಂಡು ಸುಖವಾಗಿದ್ದರು. ಬದುಕಿದ್ದಾಗ ಯಾರಿಗೂ ಹನಿ ನೀರು ಬಿಡದ ಕರಾಳಾಕ್ಷ ಈಗ ಊರಿಗೆಲ್ಲ ಅನ್ನ ಕೊಡುತ್ತಿದ್ದ. ಭಗವಂತ ಯಾರನ್ನೂ ವ್ಯರ್ಥವಾಗಿ ಬಿಡುವವನಲ್ಲ.