ಅಪ್ಪನ ಪಾಲಿನ ಊರು

“ಪಿಟೀಲು! ಫ್ರಿಜ್ಜಿಂದ ತಲೆ ಆಚೆ ತೆಗಿ!”

ಅಮ್ಮ ಕೂಗಿದ್ದು ಕೇಳಿಸಿತು. ಆದರೂ ಪಿಟೀಲು ತಲೆ ತೆಗೆಯಲಿಲ್ಲ. ಸ್ಟೂಲಿನ ಮೇಲೆ ನಿಂತು, ಫ್ರೀಜರಿನ ಬಾಗಿಲು ತೆರೆದು, ಐಸ್ ಟ್ರೇಗೂ ಬಟಾಣಿ ಪ್ಯಾಕೆಟ್ಟಿಗೂ ನಡುವೆ ಮುಖ ತೂರಿಸಿಕೊಂಡಿದ್ದಳು.

“ಪ್ರಾಕ್ಟೀಸ್ ಮಾಡ್ತಾ ಇದೀನಿ,” ಎಂದು ಒಳಗಿನಿಂದಲೇ ಉತ್ತರ ಬಂತು.

“ಯಾತಕ್ಕೆ? ಐಸ್‌ಕ್ರೀಮ್ ಆಗೋದಕ್ಕಾ?”

“ಸ್ಟಾಕ್‌ಹೋಮಿಗೆ!”

ಸೋಫಾದ ಮೇಲೆ ಕೂತು ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅಜ್ಜಿ, “ಇರಲಿ ಬಿಡೇ. ಮೂಗು ಅಂಟಿಕೊಂಡ್ರೆ ಫ್ರಿಜ್ ಸಮೇತ ವಿಮಾನ ಹತ್ತಿಸಿದ್ರಾಯ್ತು,” ಎಂದಳು.

ಮೂಗು ಅಂಟಿಕೊಳ್ಳಬಹುದು ಎಂಬುದು ಪಿಟೀಲಿಗೆ ಹೊಳೆದೇ ಇರಲಿಲ್ಲ. ತಲೆ ತಟ್ಟನೆ ಆಚೆ ಬಂತು. ಮೂಗಿನ ತುದಿ ಕೆಂಪಗಾಗಿತ್ತು.

ಅವಳ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಸುಖವಾಗಿತ್ತು. ಮನೆಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಏನಾದರೂ ಬೇಕು ಅಂತ ಶುರುಮಾಡಿದಳೆಂದರೆ ಸಿಗುವವರೆಗೂ ಕುಯ್ಯುತ್ತಲೇ ಇರುವ ಹುಡುಗಿಗೆ ಪಿಟೀಲು ಅನ್ನದೆ ಇನ್ನೇನು ಅನ್ನಬೇಕು? ಈ ಪ್ರವಾಸವೂ ಹಾಗೆ ಕುಯ್ದು ಕುಯ್ದು ಬಂದದ್ದೇ. “ಹಿಮ ನೋಡ್ಬೇಕು, ಹಿಮ ನೋಡ್ಬೇಕು” ಅಂತ ಹಲ್ಲುಜ್ಜುವಾಗಲೂ ಹಾಡುತ್ತಿದ್ದವಳಿಗೆ ಒಂದು ದಿನ ಅಪ್ಪ, “ಆಯ್ತಮ್ಮಾ, ಯುರೋಪಿಗೇ ಹೋಗೋಣ. ಚಳಿಗಾಲದಲ್ಲೇ ಹೋಗೋಣ. ಈಗ ಬಾಯಿ ತೊಳ್ಕೊ,” ಎಂದುಬಿಟ್ಟಿದ್ದ.

ಆ ಮನೆಯಲ್ಲಿ ಅಷ್ಟು ದೂರ ಹೋದವರು ಯಾರೂ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಸಮ ಹುಚ್ಚು ಹಿಡಿದಿತ್ತು.

ಟಿಕೆಟ್ ಮಾಡಿಸುವ ಟ್ರಾವೆಲ್ಸ್ ಅಕ್ಕ ಮೊದಲೇ ಖಡಾಖಂಡಿತವಾಗಿ ಹೇಳಿದ್ದಳು: “ನಿಮಗಿರೋ ರಜಕ್ಕೆ ನಾಲ್ಕು ಊರು. ಐದನೇದು ತುರುಕಿದ್ರೆ ಊರು ನೋಡಲ್ಲ, ಬರೀ ಏರ್‌ಪೋರ್ಟ್ ನೋಡ್ತೀರಿ. ಸೋಮವಾರ ಸಾಯಂಕಾಲದೊಳಗೆ ಹೆಸರು ಹೇಳಿ, ಬುಕ್ ಮಾಡ್ತೀನಿ. ಆಮೇಲೆ ಬದಲಾಯಿಸೋ ಹಾಗಿಲ್ಲ.”

ನಾಲ್ಕು ಊರು, ನಾಲ್ಕು ಜನ. ತಲೆಗೊಂದು ಊರು.

ಊಟದ ಮೇಜಿನ ಮೇಲೆ ಯುರೋಪಿನ ಮ್ಯಾಪ್ ಹಾಸಿದರು. ಅಮ್ಮ ವಾಚ್ ರಿಪೇರಿ ಮಾಡುವವಳು. ಅವಳ ಡಬ್ಬಿಯಲ್ಲಿ ಹಳೆಯ ವಾಚುಗಳ ಪುಟ್ಟ ಡಯಲ್‌ಗಳು ಬೇಕಾದಷ್ಟಿದ್ದವು. ಒಬ್ಬೊಬ್ಬರ ಕೈಗೂ ಒಂದೊಂದು ಕೊಟ್ಟು, “ನಿಮಗೆ ಬೇಕಾದ ಊರಿನ ಮೇಲೆ ಇಡಿ,” ಎಂದಳು.

ಅಮ್ಮನೇ ಮೊದಲು ಇಟ್ಟಳು. “ಪ್ರಾಗ್. ಅಲ್ಲಿ ಆರುನೂರು ವರ್ಷದ ಹಳೇ ಗಡಿಯಾರ ಇದೆ. ಅದರ ಹೊಟ್ಟೆಯೊಳಗೆ ಏನೇನಿದೆಯೋ!” ಹೇಳುವಾಗ ಅವಳ ಕಣ್ಣು ಅರ್ಧ ಮುಚ್ಚಿ, ತುಟಿ ತಾನಾಗಿ ಅರಳಿತು. ಆಗಲೇ ಪ್ರಾಗಿಗೆ ಹೋಗಿ ನಿಂತವಳ ಹಾಗೆ ಕಾಣುತ್ತಿದ್ದಳು.

“ಆ ಪ್ಯಾರಿಸ್ಸಿನ ಟವರಿಗೆ ಲಿಫ್ಟ್ ಇದೆ ತಾನೇ?” ಅಂತ ಅಜ್ಜಿ ಕೇಳಿದಳು.

“ಇದೆ ಅತ್ತೆ.”

“ಹಾಗಾದ್ರೆ ನನಗದೇ ಇರಲಿ. ಎತ್ತರದ್ದನ್ನೆಲ್ಲ ಕೆಳಗಿಂದ ನೋಡಿ ನೋಡಿ ಕತ್ತು ನೋವು ಬಂತು. ಒಂದ್ಸಲ ಮೇಲಿಂದ ಕೆಳಗೆ ನೋಡ್ತೀನಿ.” ಅಜ್ಜಿಯ ಮುಖವೂ ಹಾಗೇ ಆಯಿತು. ಕಣ್ಣು ಅರ್ಧ ಮುಚ್ಚಿತು, ತುಟಿ ಅರಳಿತು.

ಪಿಟೀಲಿನ ಡಯಲ್ ವಿಯೆನ್ನಾ ಮೇಲೆ ಕೂತಿತು. ಅಲ್ಲಿ ಐಸ್ ಮೇಲೆ ಸ್ಕೇಟಿಂಗ್ ಮಾಡಬಹುದು ಅಂತ ಟ್ರಾವೆಲ್ಸ್ ಅಕ್ಕ ಹೇಳಿದ್ದಳು.

ಅಪ್ಪ ತನ್ನ ಡಯಲನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಕೂತಿದ್ದ. ಮ್ಯಾಪಿನ ಮೇಲೆಲ್ಲ ಒಂದು ಸಲ ಕಣ್ಣು ಹಾಯಿಸಿದ. ಆಮೇಲೆ, “ನನಗೆ ಯಾವುದಾದ್ರೂ ಸರಿ. ನನ್ನದನ್ನೂ ಪಿಟೀಲೇ ಇಡ್ಲಿ,” ಎಂದ.

“ನಿಜವಾಗ್ಲೂ?”

“ನಿಜವಾಗ್ಲೂ. ಚಳಿ ನನಗೇನು ಹೊಸದಾ?”

ಎಲ್ಲರೂ ನಕ್ಕರು. ಅಪ್ಪನ ಕೆಲಸ ಕೋಲ್ಡ್ ಸ್ಟೋರೇಜಿನಲ್ಲಿ. ಮೀನು, ಬಟಾಣಿ, ಐಸ್‌ಕ್ರೀಮು ಎಲ್ಲ ಹೆಪ್ಪುಗಟ್ಟಿ ಕೂತಿರುವ ದೊಡ್ಡ ಗೋದಾಮು ಅದು. ಬೆಳಗಿನಿಂದ ಸಂಜೆಯವರೆಗೂ ಅಲ್ಲಿ ಬಾಕ್ಸುಗಳನ್ನು ಒಳಗಿಡಿಸುವುದು, ಹೊರಗೆ ಕಳಿಸುವುದು ಅವನ ಜವಾಬ್ದಾರಿ. ಚಳಿಯ ವಿಷಯದಲ್ಲಿ ಅಪ್ಪ ಹೀರೋ ಅಂತ ಪಿಟೀಲು ಕ್ಲಾಸಿನಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದಳು.

ಅಪ್ಪ ಮನಸ್ಸು ಬದಲಾಯಿಸುವ ಮೊದಲೇ ಅವಳು ಡಯಲ್ ಕಸಿದುಕೊಂಡು ಸ್ಟಾಕ್‌ಹೋಮ್ ಮೇಲೆ ಇಟ್ಟುಬಿಟ್ಟಳು. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಕತ್ತಲಾಗುವ ಊರು! ಮರುದಿನವೇ ಸ್ಕೂಲಿನಲ್ಲಿ ಪಕ್ಕ ಕೂರುವ ಗೆಳತಿಗೆ ಹೇಳಿದಳು.

“ಬುರುಡೆ ಬಿಡ್ಬೇಡ,” ಎಂದಳು ಗೆಳತಿ. “ಮೂರು ಗಂಟೆಗೆ ಯಾರಾದ್ರೂ ರಾತ್ರಿ ಮಾಡ್ತಾರಾ?”

“ಫೋಟೋ ತರ್ತೀನಿ. ಪಕ್ಕದಲ್ಲಿ ವಾಚ್ ಇಟ್ಟು ಫೋಟೋ ತೆಗೀತೀನಿ. ತರ್ಲಿಲ್ಲ ಅಂದ್ರೆ ವರ್ಷವೆಲ್ಲ ನನ್ನ ಬುರುಡೆ ರಾಣಿ ಅಂತ ಕರಿ!”

ಅಂದಿನಿಂದ ಶುರುವಾಗಿತ್ತು ಫ್ರಿಜ್ ಪ್ರಾಕ್ಟೀಸು.

“ಫ್ರಿಜ್ ಕೆಟ್ಟು ಹೋಗೋದು ಬೇಡ,” ಎಂದ ಅಪ್ಪ. “ಭಾನುವಾರ ನಮ್ಮ ಗೋದಾಮಿಗೆ ಬನ್ನಿ. ಲೋಡ್ ಇರಲ್ಲ. ಓನರ್ ಹತ್ರ ಕೇಳಿದೀನಿ. ನಿಜವಾದ ಚಳಿ ಹೇಗಿರುತ್ತೆ ಅಂತ ಐದು ನಿಮಿಷ ನೋಡಿ.”

“ಹತ್ತು ನಿಮಿಷ,” ಎಂದಳು ಪಿಟೀಲು.

“ಐದು.”

“ಹತ್ತು, ಹತ್ತು, ಹತ್ತು...”

“ನೋಡೋಣ ಬಿಡು,” ಎಂದು ಅಪ್ಪ ನಕ್ಕ. ಅವನಿಗೆ ಗೊತ್ತಿತ್ತು.

ಭಾನುವಾರ ಮೂವರೂ ಗೋದಾಮಿನವರ ದಪ್ಪ ಜಾಕೆಟ್ ತೊಟ್ಟರು. ಪಿಟೀಲಿನ ಜಾಕೆಟ್ ಮಂಡಿಯಿಂದ ಕೆಳಗಿತ್ತು. ತೋಳಿನಿಂದ ಕೈ ಹೊರಗೇ ಬರಲಿಲ್ಲ. ಅಜ್ಜಿ ತನ್ನನ್ನು ತಾನು ಗಾಜಿನಲ್ಲಿ ನೋಡಿಕೊಂಡು, “ಯಾವುದೋ ಹಾಸಿಗೆ ಎದ್ದು ಓಡಾಡ್ತಾ ಇದೆ ಅಂದ್ಕೊಂಡೆ, ನಾನೇ,” ಎಂದಳು.

“ಕಾಲಿಗೆ ಈ ಬೂಟು ಹಾಕ್ಕೊ,” ಅಂತ ಅಪ್ಪ ಪಿಟೀಲಿಗೆ ಹೇಳಿದ.

“ಅದು ಚೆನ್ನಾಗಿಲ್ಲ. ನನ್ನ ಕ್ಯಾನ್ವಾಸ್ ಶೂ ಸಾಕು.”

ದಪ್ಪ ಬಾಗಿಲು ಸರಿಯಿತು. ಪ್ಲಾಸ್ಟಿಕ್ ಪಟ್ಟಿಗಳ ಪರದೆ ಸರಿಸಿ ಒಳಗೆ ಹೋದರು. ಬಾಯಿಂದ ಹೊಗೆ! ಪಿಟೀಲು ಕುಣಿದಾಡಿಬಿಟ್ಟಳು. ಬಟಾಣಿ ಬಾಕ್ಸುಗಳ ಗೋಡೆ ತೋರಿಸಿ, “ಇದು ಅರಮನೆ!” ಎಂದಳು. ಮೀನಿನ ಸಾಲಿಗೆ, “ಇದು ಮ್ಯೂಸಿಯಂ!”

“ಮ್ಯೂಸಿಯಂ ವಾಸನೆ ಹೊಡೀತಿದೆ,” ಎಂದಳು ಅಜ್ಜಿ.

ಅಮ್ಮ ಫೋನಿನಲ್ಲಿ ಫೋಟೋ ತೆಗೆಯಲು ಕೈಗವಸು ಬಿಚ್ಚಿದವಳು, ಒಂದೇ ಫೋಟೋಗೆ ಮತ್ತೆ ಹಾಕಿಕೊಂಡಳು.

ಸ್ವಲ್ಪ ಹೊತ್ತಿಗೆ ಪಿಟೀಲಿನ ಮೂಗಿನೊಳಗೆ ಏನೋ ಚುಚ್ಚತೊಡಗಿತು. ಕಾಲ್ಬೆರಳುಗಳು ಮೊದಲು ಉರಿದವು, ಆಮೇಲೆ ನೋಯತೊಡಗಿದವು, ಆಮೇಲೆ ಇವೆಯೋ ಇಲ್ಲವೋ ಗೊತ್ತಾಗದಂತಾದವು. ಹಲ್ಲು ಕಟಕಟ ಅನ್ನುವ ಸದ್ದನ್ನು ಯಾರೂ ಕೇಳಬಾರದು ಅಂತ ತುಟಿ ಕಚ್ಚಿಕೊಂಡಳು.

“ಎಷ್ಟು ಹೊತ್ತಾಯ್ತು ಅಪ್ಪಾ? ಹತ್ತು ನಿಮಿಷ ಆಗಿರಬೇಕು ಅಲ್ವಾ?”

ಅಪ್ಪ ವಾಚ್ ನೋಡಿದ. “ಮೂರು.”

ಪಿಟೀಲು ಎಲ್ಲರಿಗಿಂತ ಮೊದಲು ಹೊರಗಿದ್ದಳು. ಅಜ್ಜಿಯ ಕನ್ನಡಕ ಮಂಜಾಗಿ, ಅಮ್ಮನೇ ಕೈಹಿಡಿದು ಕರೆತರಬೇಕಾಯಿತು. ಮೂವರೂ ಒಬ್ಬರನ್ನೊಬ್ಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು.

“ನೀವು ಟೀ ಕುಡೀತಿರಿ. ಒಂದು ಸಾಲು ಚೆಕ್ ಮಾಡೋದಿದೆ, ಬಂದೆ,” ಎಂದು ಹೇಳಿ ಅಪ್ಪ ಮತ್ತೆ ಒಳಗೆ ಹೋದ.

ಅಮ್ಮ ಅಜ್ಜಿ ಟೀ ಕುಡಿದರು. ಪಿಟೀಲು ಬಿಸಿ ಹಾಲು ಕುಡಿದಳು. ಲೋಟ ಖಾಲಿಯಾಯಿತು. ಕಾಲ್ಬೆರಳು ಒಂದೊಂದಾಗಿ ವಾಪಸ್ ಬಂದವು. ಅಪ್ಪ ಮಾತ್ರ ಬರಲಿಲ್ಲ. ಪಿಟೀಲು ಬಾಗಿಲಿನ ಪುಟ್ಟ ಗಾಜಿನಿಂದ ಇಣುಕಿದಳು. ಒಳಗೆ ಅಪ್ಪ ಒಂದು ಬಾಕ್ಸ್ ಎತ್ತಿಡುವುದು, ನಿಂತು ಕೈ ಉಜ್ಜಿಕೊಳ್ಳುವುದು, ಕಾಲನ್ನು ನೆಲಕ್ಕೆ ಬಡಿಯುವುದು, ಮತ್ತೊಂದು ಬಾಕ್ಸ್ ಎತ್ತಿಡುವುದು. ಹೀರೋಗಳು ಹಾಗೆ ಕಾಲು ಬಡಿಯುತ್ತಾರೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಬೇಜಾರಾಗಿ ಕಟ್ಟಡದ ಹಿಂದಕ್ಕೆ ಹೋದಳು. ಅಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕಟ್ಟಡದ ನೆರಳಿನ ಅಂಚಿಗೆ ಒಂಟಿಯಾಗಿ ಒಂದು ಪ್ಲಾಸ್ಟಿಕ್ ಕುರ್ಚಿ. ಅದರ ಸುತ್ತ ನೆಲದ ಮೇಲೆ ಸೀಮೆಸುಣ್ಣದ ಗುರುತುಗಳು, ಕುರ್ಚಿಯ ಕಾಲಿಗೊಂದರಂತೆ ನಾಲ್ಕು ನಾಲ್ಕು ಚುಕ್ಕಿ, ಒಂದರ ಪಕ್ಕ ಒಂದು, ಸಾಲಾಗಿ ಮುಂದೆ ಹೋಗಿದ್ದವು.

“ಏನಿದು ತಾತ? ಆಟಾನಾ?” ಅಂತ ನೆರಳಲ್ಲಿ ಕೂತಿದ್ದ ವಾಚ್‌ಮನ್ನನ್ನು ಕೇಳಿದಳು.

“ನಿಮ್ಮಪ್ಪನ ಆಟ,” ಎಂದು ವಾಚ್‌ಮನ್ ತಾತ ನಕ್ಕ. “ಯಾವ ಹೊತ್ತಿಗೆ ಬಿಸಿಲು ಎಲ್ಲಿ ಬೀಳುತ್ತೆ ಅಂತ ಗುರುತು ಮಾಡಿಟ್ಟಿದ್ದಾರೆ. ಆಚೆ ಬಂದ ತಕ್ಷಣ ಕುರ್ಚಿ ಅಲ್ಲಿಗೇ ಎಳ್ಕೊಂಡು ಕೂತ್ಕೋತಾರೆ. ಈ ಬಿಸಿಲಿಗೆ ನಾವೆಲ್ಲ ನೆರಳು ಹುಡುಕ್ತೀವಿ, ಅವರು ಬಿಸಿಲು ಹುಡುಕ್ತಾರೆ. ಬಿಸಿಲಪ್ಪ ಅಂತಲೇ ಕರೆಯೋದು ಇಲ್ಲಿ.”

ಪಿಟೀಲಿಗೆ ನಗು ಬಂತು. ಮನೆಯಲ್ಲೂ ಅಪ್ಪ ಹಾಗೇ. ರಜದ ದಿನ ಬಿಸಿಲಿಗೆ ಒಣಹಾಕಿದ ಬಟ್ಟೆಯ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದ. “ಅವನಿಗೂ ಎರಡು ಕ್ಲಿಪ್ ಹಾಕಿ, ಗಾಳಿಗೆ ಹಾರಿಹೋದಾನು,” ಅಂತ ಅಜ್ಜಿ ತಮಾಷೆ ಮಾಡುತ್ತಿದ್ದಳು.

ಅಷ್ಟರಲ್ಲಿ ಅಪ್ಪ ಬಂದ. ಗೋಡೆಯ ಪಕ್ಕ ನಿಂತಿದ್ದ ಅವಳನ್ನು ನೋಡಲಿಲ್ಲ. ಕುರ್ಚಿಯನ್ನು ಮುಂದಿನ ಗುರುತಿಗೆ ಎಳೆದ. ಬೂಟು ಬಿಚ್ಚಿದ, ಒಂದರ ಮೇಲೊಂದು ತೊಟ್ಟಿದ್ದ ಎರಡು ಜೊತೆ ಸಾಕ್ಸ್ ಬಿಚ್ಚಿದ. ಬಿಳುಚಿಕೊಂಡಿದ್ದ ಬೆರಳುಗಳನ್ನು ಬಿಸಿ ನೆಲದ ಮೇಲೆ ಚಾಚಿ, ಮುಖವನ್ನು ಸೂರ್ಯನ ಕಡೆ ಎತ್ತಿದ.

ಅವನ ಕಣ್ಣು ಅರ್ಧ ಮುಚ್ಚಿತು. ತುಟಿ ತಾನಾಗಿ ಅರಳಿತು.

ಪಿಟೀಲಿನ ನಗು ನಿಂತುಹೋಯಿತು. ಆ ಮುಖವನ್ನು ಅವಳು ನೋಡಿದ್ದಳು. ಅಮ್ಮ ಪ್ರಾಗ್ ಅಂದಾಗ. ಅಜ್ಜಿ ಪ್ಯಾರಿಸ್ ಅಂದಾಗ.

‘ಚಳಿ ನನಗೇನು ಹೊಸದಾ?’ ಅಂತ ಅಪ್ಪ ಅಂದದ್ದು ನೆನಪಾಯಿತು. ಆವತ್ತು ಅದಕ್ಕೆ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಸದ್ದು ಮಾಡದೆ ಹಿಂದಕ್ಕೆ ಸರಿದು, ಅಮ್ಮನ ಹತ್ತಿರ ಹೋಗಿ ಕೂತಳು.

ಆ ಸಂಜೆ ಫ್ರಿಜ್ಜಿಗೆ ವಿಶ್ರಾಂತಿ ಸಿಕ್ಕಿತು. ಪಿಟೀಲು ಮ್ಯಾಪಿನ ಮುಂದೆ ಹೋಗಿ ಕೂತುಬಿಟ್ಟಳು. “ಜ್ವರವೇನಾದ್ರೂ ಬಂತಾ?” ಅಂತ ಅಜ್ಜಿ ಹಣೆ ಮುಟ್ಟಿ ನೋಡಿದಳು.

ಸೋಮವಾರ ಸ್ಕೂಲಿನಿಂದ ಬಂದವಳೇ ಅಮ್ಮನ ಫೋನ್ ತೆಗೆದುಕೊಂಡು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಟ್ರಾವೆಲ್ಸ್ ಅಕ್ಕಾ, ಯುರೋಪಲ್ಲಿ ಚಳಿಗಾಲದಲ್ಲೂ ಬಿಸಿಲಿರೋ ದೊಡ್ಡ ಊರು ಯಾವುದು?”

“ಯಾಕೆ ಪುಟ್ಟಾ, ನಿನಗೆ ಹಿಮ ಬೇಕಿತ್ತಲ್ಲ?”

“ಹೇಳಿ ಅಕ್ಕಾ. ಹೇಳಿ, ಹೇಳಿ, ಹೇಳಿ...”

“ಅಯ್ಯೋ, ಹೇಳ್ತೀನಿ ತಡಿ. ಲಿಸ್ಬನ್ ಇದೆ. ದಿನಾ ಬಿಸಿಲಿರುತ್ತೆ ಅಂತ ಮಾತು ಕೊಡಲಾರೆ, ಮಳೆನೂ ಬರಬಹುದು. ಆದ್ರೆ ಹೆಪ್ಪುಗಟ್ಟೋ ಚಳಿ ಇರಲ್ಲ. ಬಿಸಿಲು ಬಂದ್ರೆ ನದಿ ಪಕ್ಕ ಆರಾಮಾಗಿ ಕೂತಿರಬಹುದು.”

“ಕುರ್ಚಿ ಇರುತ್ತಾ?”

“ಕುರ್ಚಿನಾ? ಬೆಂಚು, ಮೆಟ್ಟಿಲು ಇರುತ್ತಪ್ಪ. ಯಾಕೆ?”

“ಸುಮ್ನೆ,” ಎಂದಳು ಪಿಟೀಲು.

ಮೇಜಿನ ಹತ್ತಿರ ಬಂದಳು. ಒಂದು ಡಯಲ್ ಎತ್ತಬೇಕಿತ್ತು. ಅಮ್ಮನದನ್ನು ಎತ್ತುವ ಹಾಗಿಲ್ಲ, ಅಜ್ಜಿಯದನ್ನೂ ಎತ್ತುವ ಹಾಗಿಲ್ಲ. ವಿಯೆನ್ನಾದ ಮೇಲೆ ಬೆರಳಿಟ್ಟಳು. ಅಲ್ಲಿಂದ ಸ್ಟಾಕ್‌ಹೋಮಿಗೆ ಹೋದಳು. ಮೂರು ಗಂಟೆಯ ಕತ್ತಲು ಅಲ್ಲಿ ಅವಳಿಗಾಗಿಯೇ ಕಾಯುತ್ತಿರುವಂತಿತ್ತು. ಗೆಳತಿಯ ಮುಖ ನೆನಪಾಯಿತು. ವರ್ಷವೆಲ್ಲ ಬುರುಡೆ ರಾಣಿ! ಅಳು ಬರುವಂತಾಯಿತು. ಆದರೂ ಆ ಡಯಲ್ ಅವಳದಲ್ಲ. ಅದು ಅಪ್ಪನದು.

ಎತ್ತಿದಳು. ಮ್ಯಾಪಿನ ಮೇಲಿಂದ ಉದ್ದಕ್ಕೂ ತಂದು, ಎಡಗಡೆ ಕೆಳಗೆ, ಸಮುದ್ರದ ಅಂಚಿನಲ್ಲಿ ಇಟ್ಟಳು.

ಸಂಜೆ ಅಮ್ಮ ಊರುಗಳ ಹೆಸರು ಓದಿ ಹೇಳಲು ಮ್ಯಾಪಿನ ಮುಂದೆ ನಿಂತಳು. “ಪ್ರಾಗ್, ಪ್ಯಾರಿಸ್, ವಿಯೆನ್ನಾ... ಸ್ಟಾಕ್‌ಹೋಮ್ ಎಲ್ಲೋಯ್ತೇ?”

“ಅದು ಬೇಡ. ಲಿಸ್ಬನ್.”

“ಅಲ್ಲಿ ಹಿಮಾನೇ ಬೀಳಲ್ವಲ್ಲೇ!”

“ಮಧ್ಯಾಹ್ನ ಮೂರಕ್ಕೆ ಕತ್ತಲಾಗೋ ಊರಲ್ಲಿ ಏನು ನೋಡೋದು? ದುಡ್ಡು ದಂಡ,” ಎಂದಳು ಪಿಟೀಲು, ದೊಡ್ಡವರ ಹಾಗೆ ಮೂಗು ಮುರಿದು.

ಅಮ್ಮ ವಾಚ್ ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಮೊದಲು ಮ್ಯಾಪನ್ನು ನೋಡಿದಳು. ಆಮೇಲೆ ಮಗಳ ಮುಖವನ್ನು ನೋಡಿದಳು. ಟ್ರಾವೆಲ್ಸ್ ಅಕ್ಕನಿಗೆ ಫೋನ್ ಮಾಡಲು ಹೊರಟಳು.

“ಲಿಸ್ಬನ್ನಿನಲ್ಲಿ ಅಂಥದ್ದೇನಿದೆ?” ಎಂದ ಬಾಗಿಲಲ್ಲಿ ಬೂಟು ಬಿಚ್ಚುತ್ತಿದ್ದ ಅಪ್ಪ.

“ಮೆಟ್ಟಿಲಿದೆ. ನದಿ ಪಕ್ಕ. ಅಲ್ಲಿ ಬಿಸಿಲು ಬೀಳುತ್ತಂತೆ.”

ಅಪ್ಪನ ಕೈ ಬೂಟಿನ ಲೇಸಿನ ಮೇಲೆ ಹಾಗೇ ನಿಂತಿತು. “ಓಹೋ,” ಎಂದ. ಆ ಲೇಸು ಬಿಚ್ಚಲು ಅವನಿಗೆ ತುಂಬಾ ಹೊತ್ತು ಹಿಡಿಯಿತು.

ಡಿಸೆಂಬರ್ ಬಂತು. ಸೂಟ್‌ಕೇಸ್ ತುಂಬಾ ಸ್ವೆಟರು, ಟೋಪಿ, ಉಣ್ಣೆಯ ಸಾಕ್ಸು. ಅಜ್ಜಿಯ ಮಂಡಿ ಎಣ್ಣೆ ಬೇರೆ. ಪಿಟೀಲು ಎಲ್ಲದರ ಮೇಲೆ ಹತ್ತಿ ಕೂತು ಜಿಪ್ ಎಳೆಯಲು ಒದ್ದಾಡುತ್ತಿದ್ದಳು.

“ಇರು, ಇರು,” ಎನ್ನುತ್ತಾ ಅಪ್ಪ ಬಂದ. ಬೆನ್ನ ಹಿಂದೆ ಏನನ್ನೋ ಹಿಡಿದುಕೊಂಡಿದ್ದ. ಸ್ವಲ್ಪ ನಾಚಿಕೆಯಿಂದ ಮುಂದಕ್ಕೆ ಚಾಚಿದ. ಅವನ ಹಳೆಯ ಹವಾಯಿ ಚಪ್ಪಲಿ.

“ಚಳಿಗೆ ಚಪ್ಪಲೀನಾ? ತಲೆ ಕೆಟ್ಟಿದೆಯಾ ನಿನಗೆ?” ಎಂದಳು ಅಜ್ಜಿ. “ಜಾಗ ಎಲ್ಲಿದೆ ಅದಕ್ಕೆ?”

ಪಿಟೀಲು ಸೂಟ್‌ಕೇಸಿನಿಂದ ಇಳಿದಳು. ಸ್ಟಾಕ್‌ಹೋಮಿಗೆ ಅಂತ ಗೋಳಾಡಿ ಕೊಡಿಸಿಕೊಂಡಿದ್ದ ದೊಡ್ಡ ಹಿಮದ ಕನ್ನಡಕವನ್ನು ಎಳೆದು ತೆಗೆದು, ಸೋಫಾದ ಮೇಲೆ ಎಸೆದಳು.

“ಇದೆ ಅಜ್ಜಿ,” ಎಂದು ಹೇಳಿ, ಚಪ್ಪಲಿಯನ್ನು ಎಲ್ಲದಕ್ಕಿಂತ ಮೇಲೆ ಇಟ್ಟಳು.