ಮೂರು ಬಣ್ಣದ ಕೀಬೋರ್ಡ್

"ಕೈ ತೆಗೀರಿ! ಅದನ್ನ ಮೊದಲು ಹಿಡ್ಕೊಂಡಿದ್ದು ನಾನು."

"ನೀವು ಹಿಡ್ಕೊಂಡಿರೋದು ಡಬ್ಬದ ಮೂಲೆ. ಡಬ್ಬ ನನ್ನ ಕೈಲಿದೆ, ನೋಡಿ."

ಕಂಪ್ಯೂಟರ್ ಅಂಗಡಿಯ ಕೊನೆಯ ಕಪಾಟಿನ ಮುಂದೆ ಇಬ್ಬರೂ ಒಂದೇ ಡಬ್ಬ ಹಿಡಿದು ನಿಂತಿದ್ದರು. ಒಳಗಿದ್ದದ್ದು ಬಣ್ಣದ ದೀಪಗಳ ಗೇಮಿಂಗ್ ಕೀಬೋರ್ಡ್. ಕಡಿಮೆ ಬೆಲೆಯದು. ಅಂಗಡಿಯಲ್ಲಿ ಉಳಿದಿದ್ದದ್ದು ಅದೊಂದೇ!

ಅವಳು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಫ್ರೇಮಿಗೆ ಕೂರಿಸುವವಳು. ಊಟದ ಬಿಡುವಿನಲ್ಲಿ ಓಡಿ ಬಂದಿದ್ದಳು. ಅವನ ಜೇಬಿನ ಮೇಲೆ ಲಿಫ್ಟ್ ರಿಪೇರಿ ಕಂಪನಿಯ ಹೆಸರು, ಬೆರಳಲ್ಲಿ ಗ್ರೀಸ್ ಕಲೆ.

ಅಂಗಡಿಯವನು ಮಧ್ಯೆ ಬಾಯಿ ಹಾಕಿದ. "ಜಗಳ ಯಾಕೆ ಮೇಡಂ? ಇದನ್ನ ತಗೊಳ್ಳಿ. ಬೆಲೆ ಸ್ವಲ್ಪ ಜಾಸ್ತಿ, ಆದ್ರೆ ಬಣ್ಣ ನೀರಿನ ಥರ ಹರೀತಾ ಇರುತ್ತೆ!"

"ಹರೀಬಾರದು!" ಅವಳ ದನಿ ಏರಿತು. "ನಮ್ಮಪ್ಪಂಗೆ ಬಣ್ಣ ಇದ್ದಲ್ಲೇ ಇರಬೇಕು. ಎಡಕ್ಕೆ ಕೆಂಪು, ಮಧ್ಯ ಹಸಿರು, ಬಲಕ್ಕೆ ನೀಲಿ. ಪಾರ್ಶ್ವವಾಯು ಹೊಡೆದು ಬಲಗೈ ಸೋತಿದೆ, ಬೆರಳಿಗೆ ವ್ಯಾಯಾಮ ಆಗ್ಬೇಕು. ಅಕ್ಷರ ಹೇಳಿದ್ರೆ ತಡಕಾಡ್ತಾರೆ. ನೀಲಿ ಒತ್ತಪ್ಪಾ ಅಂದ್ರೆ ತಿಳಿಯುತ್ತೆ..."

ಹೇಳಿ ಮುಗಿಸಿದ ಮೇಲೆ ನಾಚಿಕೆಯಾಯಿತು. ಗುರುತು ಪರಿಚಯ ಇಲ್ಲದವನ ಮುಂದೆ ಇಷ್ಟೆಲ್ಲ ಯಾಕೆ ಒದರಿಬಿಟ್ಟೆ?

ಅವನು ಡಬ್ಬ ಬಿಟ್ಟ.

"ಕೀ ಒತ್ತಿ ನೋಡಿದ್ರಾ? ಸೋತ ಬೆರಳಿಗೆ ಮೆತ್ತಗಿರಬೇಕಲ್ಲ."

"ನೋಡಿದೀನಿ. ಇಲ್ಲಿಟ್ಟಿರೋದನ್ನೆಲ್ಲ ಕಿರುಬೆರಳಲ್ಲಿ ಒತ್ತಿದೆ. ಇದೇ ಹಗುರ."

"ಹಾಗಾದ್ರೆ ಇದು ನಿಮ್ಮದೇ ಬಿಡಿ, ನಂದು ಬರೀ ಆಟದ ಹುಚ್ಚು. ಯಾವ ಆಟ ಹಾಕ್ತೀರಿ?"

ಅವಳು ಪೆಚ್ಚಾದಳು. ಅದನ್ನು ಯೋಚಿಸಿಯೇ ಇರಲಿಲ್ಲ.

"ಅಪ್ಪ ಏನು ಕೆಲಸ ಮಾಡ್ತಿದ್ರು?"

"ಬಸ್ ಡ್ರೈವರ್."

"ಮತ್ತಿನ್ನೇನು? ಬಸ್ಸೇ ಓಡಿಸ್ಲಿ! ಗಾಡಿ ತಿರುಗಿಸೋ ಬಾಣದ ಕೀಗಳೂ ನೀಲಿ ಕಡೇನೇ ಇರೋದು." ಅವನು ನಕ್ಕ. ಅವಳಿಗೂ ನಗು ಬಂತು.

ವಿಳಾಸ ಕೇಳಿಕೊಂಡು ಭಾನುವಾರ ಅವನೇ ಮನೆಗೆ ಬಂದು ಆಟ ಹಾಕಿಕೊಟ್ಟ. ಮೊದಲ ದಿನ ಅಪ್ಪ ಬಸ್ಸನ್ನು ಸೀದಾ ಕೆರೆಗೆ ಇಳಿಸಿದರು.

"ಎಷ್ಟು ವರ್ಷದ ಸರ್ವೀಸು ಅಂಕಲ್ ನಿಮ್ಮದು?"

"ಸುಮ್ನಿರಯ್ಯ ಲಿಫ್ಟಪ್ಪ! ನಿನ್ನ ಗಾಡಿಗೆ ಮೇಲೆ ಕೆಳಗೆ ಬಿಟ್ರೆ ಬೇರೆ ದಾರಿ ಗೊತ್ತಾ?"

ಕಾಯಿಲೆ ಬಿದ್ದ ಮೇಲೆ ಅಪ್ಪ ಹೀಗೆ ಮಾತಾಡಿದ್ದೇ ಇರಲಿಲ್ಲ. ಅಡುಗೆಮನೆಯಲ್ಲಿ ನಿಂತಿದ್ದ ಅವಳು ಕಣ್ಣೊರೆಸಿಕೊಂಡಳು.

ಮುಂದೆ ಪ್ರತಿ ಭಾನುವಾರವೂ ಅವನು ಬಂದ. ಅಪ್ಪನ ಕಿರುಬೆರಳು ತಾನಾಗಿ ಅಲುಗಿತು, ಆಮೇಲೆ ಅದರ ಪಕ್ಕದ್ದು. ಅವಳಿಗೋ ಶನಿವಾರ ಬಂದರೆ ಸಾಕು, ಮನೆಯಲ್ಲಿ ಧೂಳು ಕಾಣತೊಡಗುತ್ತಿತ್ತು. ಕನ್ನಡಿಯ ಮುಂದೆ ಹೊತ್ತು ಹೋಗುತ್ತಿತ್ತು. 'ಅವನು ಬರೋದು ಅಪ್ಪನಿಗಾಗಿ, ನಿನಗಲ್ಲ' ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಮನಸ್ಸು ಕೇಳಬೇಕಲ್ಲ!

ಒಂದು ಭಾನುವಾರ ಟೀ ಹಿಡಿದು ಬರುತ್ತಿದ್ದಾಗ ಬಾಗಿಲ ಆಚೆ ಅವನ ದನಿ ಕೇಳಿಸಿತು.

"ಆಯ್ತು ಅಂಕಲ್, ಅವರಿಗೆ ಏನೂ ಹೇಳಲ್ಲ. ಆದ್ರೆ ನಿಮ್ಮ ಕೈ ಸರಿಹೋಗೋವರೆಗೆ ಮಾತ್ರ. ಆಮೇಲೆ ನನ್ನಿಂದ ಆಗಲ್ಲ."

ಅಂದರೆ... ಇದೆಲ್ಲ ಬರೀ ಕನಿಕರವೇ? ಕೈ ಸರಿಹೋದ ಮೇಲೆ ಈ ಕಡೆ ತಲೆಯನ್ನೂ ಹಾಕುವುದಿಲ್ಲವೇ?

ಟೀ ಲೋಟವನ್ನು ಮೇಜಿನ ಮೇಲೆ ಕುಕ್ಕಿದಳು.

"ಇನ್ಮೇಲೆ ಅಪ್ಪನ್ನ ನಾನೇ ಆಡಿಸ್ತೀನಿ. ಕನಿಕರಪಟ್ಟು ಯಾರೂ ನಮ್ಮ ಮನೆಗೆ ಬರೋದು ಬೇಡ."

"ಏನ್ರೀ ಇದು? ನಾನು..."

ಅವನು ಅಪ್ಪನ ಮುಖ ನೋಡಿದ. ಅಪ್ಪ ನೆಲ ನೋಡಿದರು. ಅವನು ಎದ್ದು ಹೊರಟುಹೋದ.

ಆಮೇಲೆ ಮನೆ ಬಿಕೋ ಎಂದಿತು. ಅವಳು ಕೀಬೋರ್ಡ್ ಮುಂದಿಟ್ಟರೆ ಅಪ್ಪ ಗೋಡೆ ಕಡೆ ತಿರುಗುತ್ತಿದ್ದರು. ಕೆಲಸದಲ್ಲಿ ಅವಳ ಕೈಯೂ ತಪ್ಪುತ್ತಿತ್ತು. ಎಡಗಣ್ಣಿನ ಗಾಜನ್ನು ಬಲಕ್ಕೆ ಕೂರಿಸಿ ಮಾಲೀಕರಿಂದ ಬೈಸಿಕೊಂಡಳು.

ಒಂದು ಸಂಜೆ ಅವಳು ಚಪ್ಪಲಿ ಬಿಡುವ ಮೊದಲೇ ಅಪ್ಪ ಕರೆದರು.

"ಪುಟ್ಟೀ, ಅವನು ಮಾತು ಕೊಟ್ಟಿದ್ದು ನನಗೆ. ನೀನು ಇಷ್ಟ ಅಂದ. ನಿನ್ನ ಹತ್ರ ಹೇಳ್ಲಾ ಅಂತ ನನ್ನನ್ನೇ ಕೇಳ್ದ. ನಾನು... ಕೈ ಸರಿಹೋಗ್ಲಿ, ಅಲ್ಲಿವರೆಗೂ ಬಾಯಿ ಬಿಡಬೇಡ ಅಂದೆ."

"ಅಪ್ಪಾ! ಯಾಕಪ್ಪಾ?"

"ನೀನೂ ಹೊರಟುಹೋದ್ರೆ ಈ ಕೈ ಇಟ್ಕೊಂಡು ನಾನೇನು ಮಾಡ್ಲಿ ಅಂತ... ಭಯ ಆಯ್ತಮ್ಮ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಅಪ್ಪನ ತುಟಿ ನಡುಗುತ್ತಿರುವುದು ಕಂಡದ್ದೇ ಅದು ಇಳಿದೂ ಹೋಯಿತು. ಕುರ್ಚಿಯ ಪಕ್ಕ ಕುಳಿತು ಆ ಸೋತ ಕೈಯನ್ನು ಕೆನ್ನೆಗೆ ಒತ್ತಿಕೊಂಡಳು.

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ತಪ್ಪಾಯ್ತು. ಬೈಯೋದನ್ನ ಆಮೇಲೆ ಬೈ. ಮೊದಲು ಹೋಗಿ ಅವನ ಹತ್ರ ಮಾತಾಡು."

ಮರುದಿನ ಅವನ ಕಂಪನಿಗೆ ಫೋನ್ ಮಾಡಿ ವಿಚಾರಿಸಿ, ಅವನಿದ್ದ ಕಟ್ಟಡಕ್ಕೆ ಹೋದಳು. ಅವನು ತೆರೆದ ಲಿಫ್ಟಿನೊಳಗೆ ಮಂಡಿಯೂರಿ ಬಾಗಿಲು ಸರಿಯುವ ಜಾಡನ್ನು ಬಟ್ಟೆಯಿಂದ ಉಜ್ಜುತ್ತಿದ್ದ. ಹೊರಗೆ ತರಕಾರಿ ಚೀಲ ಹಿಡಿದ ಅಜ್ಜಿಯೊಬ್ಬರು ಗೊಣಗುತ್ತ ನಿಂತಿದ್ದರು.

ಅವಳನ್ನು ಕಂಡು ಅವನು ಬಟ್ಟೆ ಬಿಟ್ಟು ಎದ್ದ.

"ಅಂಕಲ್‌ಗೆ ಏನಾದ್ರೂ ಆಯ್ತಾ?"

"ಏನೂ ಇಲ್ಲ. ಎಲ್ಲ ಹೇಳಿದ್ರು... ನಾನು ಪೂರ್ತಿ ಕೇಳದೆ ರೇಗಿಬಿಟ್ಟೆ. ಕ್ಷಮಿಸಿ."

"ನಾನೂ ಬಾಯಿ ಬಿಡಬೇಕಿತ್ತು. ಮಾತು ಕೊಟ್ಟಾಗಿತ್ತು, ಏನು ಮಾಡ್ಲಿ?"

"ಈಗ ಹೇಳಿ."

ಅವನು ಅಜ್ಜಿಯ ಕಡೆ ನೋಡಿದ.

"ಬೇಗ ಹೇಳಪ್ಪಾ! ನಾನು ನಾಲ್ಕನೇ ಮಹಡಿಗೆ ಹೋಗ್ಬೇಕು," ಎಂದರು ಅಜ್ಜಿ.

"ನೀವಂದ್ರೆ ನನಗೆ ತುಂಬಾ ಇಷ್ಟ. ಅಂಕಲ್ ಅಂದ್ರೂ ಇಷ್ಟ. ಆದ್ರೆ ಬರ್ತಿದ್ದಿದ್ದು ನಿಮಗೋಸ್ಕರ."

ಅವಳ ಕಣ್ಣು ತುಂಬಿತು. "ಅಪ್ಪನ್ನ ಬಿಟ್ಟು ನಾನೆಲ್ಲಿಗೂ ಬರಲ್ಲ."

"ಬಿಟ್ಟು ಬನ್ನಿ ಅಂತ ಯಾರಂದ್ರು? ನಾನೇ ನಿಮ್ಮ ಬೀದೀಲಿ ಒಂದು ಮನೆ ಹುಡುಕ್ತೀನಿ."

"ಬೇರೆ ಮನೆ ಯಾಕೆ? ನಮ್ಮನೇಲೇ ಒಂದು ರೂಮು ಖಾಲಿ ಇದೆ. ಆದ್ರೆ..."

"ಆದ್ರೆ ಏನು?"

"ಅಪ್ಪ ಗೊರಕೆ ಹೊಡೀತಾರೆ."

"ನಾನೂ ಹೊಡೀತೀನಿ."

"ಹಾಗಾದ್ರೆ ನನ್ನ ನಿದ್ದೆ ಹಾಳು!"

ಅವನು ಒಂದು ಹೆಜ್ಜೆ ಹತ್ತಿರ ಬಂದ. "ಇನ್ನೊಂದ್ಸಲ ಯೋಚನೆ ಮಾಡಿ."

"ಮಾಡಿಯೇ ಬಂದಿದೀನಿ," ಎಂದಳು, ಗ್ರೀಸ್ ಮೆತ್ತಿದ ಆ ಕೈಯನ್ನು ಹಿಡಿದು.